ಲ್ಯಾಪ್ ಟೈಮ್ ಆಮೇಲೆ ನೋಡೋಣ, ಮೊದಲು ಮಗು ಏನು ಹೇಳುತ್ತೆ ಕೇಳಿ

ಮಕ್ಕಳಿಗೆ ಕಾರ್ಟಿಂಗ್, ಅಂದರೆ ಕಾರ್ಟ್ ಅನ್ನುವ ಪುಟ್ಟ ರೇಸ್ ಗಾಡಿ ಓಡಿಸುವುದನ್ನು, ಕಲಿಸಲು ನನ್ನ ಹತ್ತಿರ ಕರೆತರುವ ಅಪ್ಪ-ಅಮ್ಮಂದಿರು ಮೊದಲು ಕೇಳುವುದೇ 'ಸರ್, ಇವನು ಫಾರ್ಮುಲಾ ಒನ್‌ಗೆ ಹೋಗ್ತಾನಾ?' ಅಂತ. ನೇರವಾಗಿ ಹೇಳಿಬಿಡುತ್ತೇನೆ. 2026ರಲ್ಲಿ ಅಲ್ಲಿರುವುದು 11 ತಂಡ, 22 ಸೀಟು, ಅದೂ ಇಡೀ ಜಗತ್ತಿಗೆ. ನಮ್ಮ ದೇಶದಿಂದ ಅಲ್ಲಿ ರೇಸ್ ಮಾಡಿದವರು ಇಬ್ಬರೇ: 2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಂಧೋಕ್. ಆಸೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಕಾರು ಓಡಿಸಿದ್ದಕ್ಕೆ ಯಾರಾದರೂ ದುಡ್ಡು ಕೊಡುವಂಥ ಡ್ರೈವರ್ ಆಗಬೇಕು, ನಾನು ತಯಾರು ಮಾಡುವುದು ಅದಕ್ಕೆ.

ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲೂ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ, ಹಾಗಾಗಿ ತಿರುವಿನಲ್ಲಿ ಒಳಬದಿಯ ಹಿಂಚಕ್ರ ಒಂಚೂರು ನೆಲ ಬಿಟ್ಟು ಏಳದಿದ್ದರೆ ಕಾರ್ಟ್ ತಿರುಗಲು ಒಪ್ಪುವುದೇ ಇಲ್ಲ, ಮೊಂಡು ಹಿಡಿದು ನೆಟ್ಟಗೆ ಹೋಗಲು ನೋಡುತ್ತದೆ. ಆ ಚಕ್ರ ಏಳುವುದು ಡ್ರೈವರ್ ಬ್ರೇಕನ್ನು ಹೇಗೆ ಬಿಡುತ್ತಾನೆ, ಸ್ಟೀರಿಂಗ್ ಯಾವಾಗ ತಿರುಗಿಸುತ್ತಾನೆ ಅನ್ನುವುದರ ಮೇಲೆ. ಎದ್ದ ಚಕ್ರ ತೀರಾ ಬೇಗ ಕೆಳಗೆ ಕೂತರೆ ಇಂಜಿನ್ ಸದ್ದು ಕಟ್ಟಿಕೊಳ್ಳುತ್ತದೆ, ಬೇಲಿ ಪಕ್ಕ ನಿಂತರೆ ಕಿವಿಗೇ ಗೊತ್ತಾಗುತ್ತದೆ. ಬ್ರೇಕ್ ಒತ್ತುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಬಿಡುವುದನ್ನು ಕಲಿಯಲು ವರ್ಷಗಳೇ ಬೇಕು. 15 ತುಂಬಿದ ಕೂಡಲೇ ಎಫ್4ಗೆ, ಅಂದರೆ ಕಾರ್ಟ್ ಆದಮೇಲಿನ ಮೊದಲ ಫಾರ್ಮುಲಾ ಕಾರಿಗೆ, ಹಾಕಿ ಅನ್ನುವವರಿಗೆ ಸ್ವಲ್ಪ ತಡೆಯಿರಿ ಅನ್ನುವುದು ಇದಕ್ಕೇ.

ಇನ್ನೊಂದು ವಿಷಯ ನನಗೆ ಅದಕ್ಕಿಂತ ಮುಖ್ಯ. ಓಡಿಸಿ ಪಿಟ್‌ಗೆ (ಮೆಕ್ಯಾನಿಕ್ ಕಾಯುವ ಜಾಗಕ್ಕೆ) ವಾಪಸ್ ಬಂದ ಮಗು ಬಾಯಿ ಬಿಡುವ ತನಕ ನಾನು ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿಗೆ ಹಿಡಿದ ಸಮಯ, ತೋರಿಸುವುದಿಲ್ಲ. 'ಕಾರ್ಟ್ ಚೆನ್ನಾಗಿಲ್ಲ' ಅಂದರೆ ಮೆಕ್ಯಾನಿಕ್ ಏನು ಮಾಡಬೇಕು ಹೇಳಿ? ಅದೇ 'ಮೊದಲ ಮೂರು ಲ್ಯಾಪ್ ಚೆನ್ನಾಗಿತ್ತು, ಆಮೇಲೆ ಎಲ್ಲಾ ತಿರುವಲ್ಲೂ ಹಿಂದೆ ಜಾರೋಕೆ ಶುರುವಾಯ್ತು' ಅಂದರೆ, ಟೈರ್ ಬಿಸಿಯಾಗಿ ಗಾಳಿಯ ಒತ್ತಡ ಏರಿರಬೇಕು ಅಂತ ಮೊದಲು ಗೇಜ್ ಹಿಡಿದು ನೋಡಬಹುದು. ಹತ್ತು ವರ್ಷದ ಹುಡುಗಿಯೂ ಇದನ್ನು ಹೇಳಬಲ್ಲಳು, ನಾವು ಕೇಳಬೇಕು ಅಷ್ಟೇ. ಅಪ್ಪ ನಡುವೆ ಬಾಯಿ ಹಾಕಬಾರದು, ದಯವಿಟ್ಟು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಂಬಳದ ಕೆಲಸ ಜಾಸ್ತಿ ಇರುವುದು ಜಿಟಿ (ರಸ್ತೆಯ ಸ್ಪೋರ್ಟ್ಸ್ ಕಾರುಗಳ ರೇಸ್ ರೂಪ) ಮತ್ತು ಎಂಡ್ಯೂರೆನ್ಸ್ (ಗಂಟೆಗಟ್ಟಲೆ ನಡೆಯುವ) ರೇಸ್‌ಗಳಲ್ಲಿ. ಅಲ್ಲಿ ಒಂದೇ ಕಾರನ್ನು ಇಬ್ಬರು ಮೂವರು ಹಂಚಿಕೊಂಡು ಓಡಿಸುತ್ತಾರೆ. ಮೋಟಾರ್ ರೇಸಿಂಗ್‌ನ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎ ಅಲ್ಲಿನ ಡ್ರೈವರ್‌ಗಳನ್ನು ಮೇಲಿನಿಂದ ಕೆಳಕ್ಕೆ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ವಿಂಗಡಿಸಿದೆ. ಬ್ರಾಂಜ್‌ನವರಲ್ಲಿ ಎಷ್ಟೋ ಜನ ಸ್ವಂತ ದುಡ್ಡು ಹಾಕಿ ಹವ್ಯಾಸಕ್ಕೆ ಬಂದ ಉದ್ಯಮಿಗಳು. ಅವರ ಪಕ್ಕ ಕೂತು, ಡೇಟಾ ಗ್ರಾಫ್ ತೋರಿಸಿ, 'ಇಲ್ಲಿ ಬ್ರೇಕ್ ಇನ್ನೂ ನಿಧಾನವಾಗಿ ಬಿಡಿ' ಅಂತ ಅರ್ಥವಾಗುವ ಹಾಗೆ ಹೇಳಿ ಅವರ ಟೈಮ್ ಇಳಿಸುವ ವೃತ್ತಿಪರ ಡ್ರೈವರ್‌ಗೆ ತಂಡ ಸಂಬಳ ಕೊಡುತ್ತದೆ. ವೇಗವಾಗಿ ಓಡಿಸಿ ಮಾತಾಡಲು ಬಾರದವನಿಗೆ ಅಲ್ಲಿ ಕಷ್ಟ.

ನಮ್ಮ ಬೆಂಗಳೂರಿನ ಮೈನಿ ಅಣ್ಣ-ತಮ್ಮಂದಿರನ್ನೇ ನೋಡಿ. ಕುಶ್ ಫಾರ್ಮುಲಾ ದಾರಿಯಲ್ಲೇ ಮುಂದುವರಿದು 2025ರಲ್ಲಿ ಮೊನಾಕೊದಲ್ಲಿ ಎಫ್2, ಅಂದರೆ ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಸರಣಿಯ, ಸ್ಪ್ರಿಂಟ್ (ಚಿಕ್ಕ) ರೇಸ್ ಗೆದ್ದ. ಅಣ್ಣ ಅರ್ಜುನ್ ಎಫ್2 ತನಕ ಹೋಗಿ, ಎಂಡ್ಯೂರೆನ್ಸ್ ಕಡೆ ಹೊರಳಿ, 2021ರಲ್ಲಿ ಜರ್ಮನಿಯ ಡಿಟಿಎಂ ಅನ್ನುವ ಜಿಟಿ ಕಾರು ಸರಣಿಯಲ್ಲಿ ರೇಸ್ ಮಾಡಿದ ಮೊದಲ ಭಾರತೀಯನಾದ. ಅಣ್ಣನದು ಸೋಲು ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ದುಡ್ಡು. ಎಫ್1ಗೆ ಬೇಕಾದ ಸೂಪರ್ ಲೈಸೆನ್ಸ್‌ಗೆ ಮೂರು ವರ್ಷದಲ್ಲಿ 40 ಅಂಕ ಬೇಕು, ಅಷ್ಟು ಅಂಕ ಸಿಗುವ ಸರಣಿಗಳಲ್ಲಿ ಖರ್ಚು ಕೋಟಿಗಳ ಲೆಕ್ಕ. ಅರ್ಧ ದುಡ್ಡು ಹಿಡಿದು ಯುರೋಪಿಗೆ ಹೊರಡಬೇಡಿ. ಟೆಸ್ಟಿಂಗ್ ಇಲ್ಲದೆ, ಹಳೇ ಟೈರಿನಲ್ಲಿ ಪ್ರಾಕ್ಟೀಸ್ ಮಾಡಿದ ಹುಡುಗ ಹದಿನೆಂಟನೇ ಜಾಗಕ್ಕೆ ಬಂದರೆ, ತನ್ನಲ್ಲೇ ಏನೋ ಕೊರತೆ ಅಂದುಕೊಳ್ಳುತ್ತಾನೆ. ಅದಕ್ಕಿಂತ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಎಲ್‌ಜಿಬಿ ಫಾರ್ಮುಲಾ 4 ಅನ್ನುವ ನಮ್ಮ ದೇಶದ ಸರಣಿಯಲ್ಲಿ ಓಡಿಸಲಿ; ಅದಲ್ಲದೆ ನಮ್ಮಲ್ಲೇ 2023ರಿಂದ ಎಫ್‌ಐಎ ಮಾನ್ಯತೆಯ ಎಫ್4 ಸರಣಿಯೂ ಇದೆ. ಯಾವ ತಂಡದ ಜತೆಗಾದರೂ ಸಹಿ ಹಾಕುವ ಮುಂಚೆ ಮೂರು ವಿಷಯ ಬರೆಸಿಕೊಳ್ಳಿ: ಟೆಸ್ಟಿಂಗ್ ಎಷ್ಟು ದಿನ, ಹೊಸ ಟೈರ್ ಎಷ್ಟು ಸೆಟ್, ಕಾರು ಗುದ್ದಿದರೆ ರಿಪೇರಿ ಖರ್ಚು ಯಾರದ್ದು.