‘ಕಾರ್ಪೊರೇಟ್ ಸೆಕ್ಟರ್’ ಖಾಸಗಿ ವಲಯವಲ್ಲ, ಕಂಪನಿ ಜಾಗೀರು

ಮಕ್ಕಳ ಕಥಾಸ್ಪರ್ಧೆಗೆ ಬಂದ ಕಥೆಗಳನ್ನು ಓದಿ ಅಂಕ ಹಾಕಲು ಮೊನ್ನೆ ನನ್ನನ್ನು ಕರೆದಿದ್ದರು. ಕಲಬುರಗಿ, ಸೇಡಂ, ಜೇವರ್ಗಿ ಕಡೆಯ ಹೈಸ್ಕೂಲ್ ಮಕ್ಕಳ ಕಥೆಗಳು. ವಿಷಯ ಚೆನ್ನಾಗಿತ್ತು: ‘ಬಾಹ್ಯಾಕಾಶದ ಕಾರ್ಪೊರೇಟ್ ಸೆಕ್ಟರ್‌ನಲ್ಲಿ ಒಂದು ದಿನ’. ಆದರೆ ಅದರ ಕೆಳಗೆ ಯಾರೋ ಒಂದು ಸಾಲು ಸೇರಿಸಿದ್ದರು: ‘ಅಂದರೆ, ಖಾಸಗಿ ವಲಯ’. ಆ ಒಂದು ಸಾಲು ಅರ್ಧಕ್ಕರ್ಧ ಕಥೆಗಳನ್ನು ಹಾಳು ಮಾಡಿತ್ತು. ನಾಯಕ ಇಂಜಿನಿಯರಿಂಗ್ ಓದುತ್ತಾನೆ, ಬೆಂಗಳೂರಿನಲ್ಲಿ ರಾಕೆಟ್ ಕಂಪನಿ ಸೇರುತ್ತಾನೆ, ಒಳ್ಳೆ ಪಗಾರ ಬರುತ್ತದೆ, ತಾಯಿಗೆ ಸೀರೆ ಕೊಡಿಸುತ್ತಾನೆ. ಮಕ್ಕಳ ತಪ್ಪೇನೂ ಇಲ್ಲ. ‘ಖಾಸಗಿ ವಲಯ’ ಅಂದರೆ ಅವರಿಗೆ ಗೊತ್ತಿರುವುದು ಅದೇ ತಾನೇ?

ಇದು ಮೊದಲ ಸಲ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಅನುವಾದದ ಕಥೆಗಳಲ್ಲಿ, ವಿಡಿಯೋಗಳ ಕೆಳಗೆ ಓಡುವ ಸಾಲುಗಳಲ್ಲಿ ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕಾರ್ಪೊರೇಟ್ ಸೆಕ್ಟರ್ ಒಂದು ಜಾಗದ ಹೆಸರು. ಸ್ಟಾರ್ ವಾರ್ಸ್ ಅನ್ನುವ ಬಾಹ್ಯಾಕಾಶದ ಸಿನಿಮಾ-ಕಥೆಗಳ ಲೋಕದ್ದು. 1979ರಲ್ಲಿ ಬ್ರಯಾನ್ ಡೇಲಿ ಆ ಲೋಕದ ಹಾನ್ ಸೋಲೊ ಅನ್ನುವ ಪಾತ್ರದ ಮೇಲೆ ಬರೆದ ಕಾದಂಬರಿಯಲ್ಲಿ ಮೊದಲು ಬಂತು. ಗೆಲಾಕ್ಸಿಯ ಒಂದು ಅಂಚಿನಲ್ಲಿ ಹತ್ತಾರು ಸಾವಿರ ನಕ್ಷತ್ರಗಳು, ಅವುಗಳ ಗ್ರಹಗಳು. ಅಲ್ಲಿ ಮೊದಲಿಂದ ಬಾಳಿ ಬದುಕಿದ, ಬುದ್ಧಿಯುಳ್ಳ ಜೀವಿಗಳು ಯಾರೂ ಇಲ್ಲ. ಬಂದವರೆಲ್ಲ ಕೆಲಸಕ್ಕೆ ಬಂದವರು. ಅಷ್ಟನ್ನೂ ಆಳುವುದು ‘ಅಥಾರಿಟಿ’ ಅನ್ನುವ ಒಂದು ಕಂಪನಿಕೂಟ. ಕೆಲಸ ಕೊಡುವುದೂ ಅದೇ, ಮನೆ ಬಾಡಿಗೆಗೆ ಕೊಡುವುದೂ ಅದೇ, ಕಾನೂನು ಮಾಡುವುದೂ ಅದೇ, ಸೈನ್ಯ ಸಾಕುವುದೂ ಅದೇ. ಗ್ರಹ ಅಗೆದು, ಬೆಳೆದು, ಮಾರುವುದು ಅದರ ದಂಧೆ. ಒರಾನ್ 3 ಅಂತ ಒಂದು ಗ್ರಹ ಪೂರ್ತಿ ಹೊಲವೇ. ಅಲ್ಲಿ ಯಂತ್ರಗಳು ಧಾನ್ಯ ಬೆಳೆಯುತ್ತವೆ. ಅಥಾರಿಟಿಗೆ ಬೇಡವಾದವರು ಒಂದು ದಿನ ಕಾಣೆಯಾಗುತ್ತಾರೆ. ಮನೆಯವರು ಹುಡುಕುತ್ತಾ ಅಲೆಯುತ್ತಾರೆ. ಹೋಗಿ ಕೇಳೋಣ ಅಂದರೆ ಕೇಳುವ ಕಟ್ಟೆಯೇ ಇಲ್ಲ.

ಅಲ್ಲಿಯ ಪೊಲೀಸರಿಗೆ ‘ಎಸ್ಪೊ’ ಅಂತ ಹೆಸರು. ಸೆಕ್ಯುರಿಟಿ ಪೊಲೀಸ್‌ನ ಎಸ್ ಮತ್ತು ಪಿ ಕೂಡಿ ಆದದ್ದು. ನಮ್ಮ ಕಡೆಯ ಅನುವಾದಕರು ಇದನ್ನು ‘ಎಸ್ಪಿ’ ಮಾಡಬಾರದು. ಜಿಲ್ಲೆಯ ಎಸ್ಪಿ ಸರ್ಕಾರದ ಅಧಿಕಾರಿ. ಎಸ್ಪೊ ಕಂಪನಿಯ ಪಗಾರದ ಆಳು, ಕೈಯಲ್ಲಿ ಬಂದೂಕು ಬೇರೆ.

ಗೊಂದಲ ಶುರುವಾಗುವುದು ‘ಸೆಕ್ಟರ್’ ಅನ್ನುವ ಪದದಲ್ಲಿ. ಇದರ ಬೇರು ಲ್ಯಾಟಿನ್. ‘ಸೆಕಾರೆ’ ಅಂದರೆ ಕತ್ತರಿಸು, ಸೆಕ್ಟರ್ ಅಂದರೆ ಕತ್ತರಿಸುವವನು. ಗಣಿತಕ್ಕೆ ಬಂದಾಗ ಕತ್ತರಿಸಿದ ತುಂಡಿಗೇ ಆ ಹೆಸರಾಯಿತು. ದುಂಡನೆಯ ಜೋಳದ ರೊಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಎರಡು ಸಲ ಮುರಿದರೆ ಒಂದು ತ್ರಿಕೋನದಂಥ ಚೂರು ಬರುತ್ತದಲ್ಲ, ಅದು ಸೆಕ್ಟರ್. ಹತ್ತನೇ ಕ್ಲಾಸಿನ ಗಣಿತದಲ್ಲಿ ಇದಕ್ಕೆ ‘ತ್ರಿಜ್ಯಾಂತರ ಖಂಡ’ ಅನ್ನುತ್ತೇವೆ. ಆಮೇಲೆ ಸೈನ್ಯದವರು ಯುದ್ಧದ ಗಡಿಯನ್ನು ತುಂಡು ತುಂಡು ಮಾಡಿ ಒಂದೊಂದಕ್ಕೆ ಸೆಕ್ಟರ್ ಅಂದರು. ಬಾಹ್ಯಾಕಾಶದ ಕಥೆಗಾರರು ಇದೇ ಜಾಡು ಹಿಡಿದು ಗೆಲಾಕ್ಸಿಯನ್ನು ತುಂಡು ಮಾಡಿದರು. ಇಲ್ಲಿಯವರೆಗೂ ಸೆಕ್ಟರ್ ಅಂದರೆ ನೆಲವೇ, ಜಾಗವೇ.

ಅರ್ಥಶಾಸ್ತ್ರದವರು ಮಾಡಿದ್ದು ಬೇರೆ. ಅವರು ಕತ್ತರಿಸಿದ್ದು ನೆಲವನ್ನಲ್ಲ, ದುಡಿಮೆಯನ್ನು. ಪಬ್ಲಿಕ್ ಸೆಕ್ಟರ್, ಪ್ರೈವೇಟ್ ಸೆಕ್ಟರ್ ಅನ್ನುವುದು ಒಂದೇ ಊರಿನಲ್ಲಿ, ಒಂದೇ ಓಣಿಯಲ್ಲಿ ಅಕ್ಕಪಕ್ಕ ಇರಬಹುದು. ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಲು ಬರುವುದಿಲ್ಲ.

ಕನ್ನಡದಲ್ಲಿ ಈ ಎರಡಕ್ಕೂ ‘ವಲಯ’ ಅಂತ ಒಂದೇ ಪದ ಹಚ್ಚಿದೆವು. ಸಂಸ್ಕೃತದಲ್ಲಿ ವಲಯ ಅಂದರೆ ಬಳೆ. ಸುತ್ತುವರಿದದ್ದು, ಕೈಯನ್ನು ಬಳಸಿ ನಿಂತದ್ದು. ಎಲ್ಲಿಯ ರೊಟ್ಟಿಯ ಚೂರು, ಎಲ್ಲಿಯ ಬಳೆ! ಆದರೂ ನಡೆಯುತ್ತದೆ, ಯಾಕೆಂದರೆ ಬಳಕೆ ಪಕ್ಕಾ ಆಗಿದೆ. ‘ಮಧ್ಯ ರೈಲ್ವೆ ವಲಯ’ ಅಂದಾಗ ನಮಗೆ ಜಾಗವೇ ಕಾಣುತ್ತದೆ. ಕಲಬುರಗಿ ಸ್ಟೇಷನ್ ಅದರ ಸೊಲ್ಲಾಪುರ ವಿಭಾಗದಲ್ಲಿದೆ, ಹುಬ್ಬಳ್ಳಿ ಬೇರೆ ವಲಯ, ಮುಗಿಯಿತು. ‘ವಲಯ ಅರಣ್ಯಾಧಿಕಾರಿ’ ಅಂದಾಗಲೂ ಅಷ್ಟೇ. ಆದರೆ ವಲಯದ ಹಿಂದೆ ‘ಖಾಸಗಿ’ ಹಚ್ಚಿದ ಕೂಡಲೇ ಜಾಗ ಅಳಿಸಿಹೋಗುತ್ತದೆ, ನೌಕರಿ ಕಾಣುತ್ತದೆ. ಆ ಮಕ್ಕಳಿಗೆ ಆದದ್ದು ಇದೇ.

ಇನ್ನು ‘ಕಾರ್ಪೊರೇಟ್’. ಲ್ಯಾಟಿನ್ನಿನ ‘ಕಾರ್ಪಸ್’, ಅಂದರೆ ಮೈ, ಒಡಲು. ಬಹಳ ಜನ ಕೂಡಿ ಒಂದೇ ಮೈ ಆದಂತೆ ಅಂತ ಕಾನೂನು ಒಪ್ಪಿಕೊಂಡರೆ ಅದು ಕಾರ್ಪೊರೇಷನ್. ಆ ಮೈಗೆ ಹೆಸರಿರುತ್ತದೆ, ಆಸ್ತಿ ಇರುತ್ತದೆ, ಅದು ಕೇಸು ಹಾಕಬಹುದು, ಅದರ ಮೇಲೆ ಕೇಸು ಹಾಕಬಹುದು. ಒಳಗಿನ ಮನುಷ್ಯರು ಸತ್ತರೂ ಅದು ಸಾಯುವುದಿಲ್ಲ. ಎನ್‌ಸಿಸಿಯ ಕೊನೆಯ ‘ಸಿ’ ಇದೆಯಲ್ಲ, ಕೋರ್, ಅದೂ ಇದೇ ಬೇರಿನದು. ಇಂಗ್ಲಿಷಿನಲ್ಲಿ ಹೆಣಕ್ಕೆ ಹೇಳುವ ಪದವೂ ಇದೇ ಬೇರಿನದು.

ಒಬ್ಬ ಹುಡುಗ ಇದನ್ನು ತನಗೆ ತಿಳಿದ ಹಾಗೆ ಬಿಡಿಸಿಕೊಂಡಿದ್ದ. ಅವನ ಕಥೆಯಲ್ಲಿ ಮಂಗಳ ಗ್ರಹವನ್ನು ‘ಕಾರ್ಪೊರೇಷನ್’ ಆಳುತ್ತದೆ. ಮೇಯರ್ ಇದ್ದಾರೆ, 55 ವಾರ್ಡುಗಳಿವೆ, ಒಂದೊಂದು ವಾರ್ಡಿಗೆ ಒಬ್ಬ ಕಾರ್ಪೊರೇಟರ್. ಅಂದರೆ ನಮ್ಮ ಕಲಬುರಗಿ ಮಹಾನಗರ ಪಾಲಿಕೆಯನ್ನೇ ಎತ್ತಿ ಮಂಗಳದ ಮೇಲೆ ಇಟ್ಟಿದ್ದಾನೆ. ನಾನು ಅವನಿಗೆ ಒಳ್ಳೆಯ ಅಂಕವನ್ನೇ ಹಾಕಿದೆ. ಯಾಕೆಂದರೆ ‘ಕಾರ್ಪೊರೇಟ್’ ಅನ್ನುವುದು ಒಂದು ಜಾಗವನ್ನು ಆಳಬಹುದು ಅಂತ ಹೊಳೆದದ್ದು ಅವನೊಬ್ಬನಿಗೇ. ಆದರೆ ಅವನು ಹಿಡಿದದ್ದು ಉಲ್ಟಾ ತುದಿ. ಪಾಲಿಕೆಗೆ ನಾವು ಓಟು ಹಾಕುತ್ತೇವೆ. ಅಥಾರಿಟಿಗೆ ಯಾರೂ ಓಟು ಹಾಕಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಪಾಲು ಎಷ್ಟಿದೆ ಅನ್ನುವುದು, ತಲೆ ಎಷ್ಟಿವೆ ಅನ್ನುವುದಲ್ಲ.

ನಮ್ಮಲ್ಲಿ ಕಾರ್ಪೊರೇಷನ್ ಅನ್ನುವ ಒಂದೇ ಪದಕ್ಕೆ ಮೂರು ವೇಷ. ಊರಿಗೆ ಹಚ್ಚಿದರೆ ಪಾಲಿಕೆ. ಬಸ್ಸಿಗೆ ಹಚ್ಚಿದರೆ ನಿಗಮ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿನ ಮೈಮೇಲೆ ದಿನಾ ಓದುತ್ತೇವೆ. ವ್ಯಾಪಾರಕ್ಕೆ ಹಚ್ಚಿದರೆ ಕಂಪನಿ. ಕಥೆಗೆ ಬೇಕಾದದ್ದು ಮೂರನೆಯದು ಮಾತ್ರ. ಹಾಗೆಯೇ ‘ಅಥಾರಿಟಿ’ಯನ್ನು ‘ಪ್ರಾಧಿಕಾರ’ ಮಾಡಬೇಡಿ. ಪ್ರಾಧಿಕಾರ ಅಂದರೆ ನಮಗೆ ನೆನಪಾಗುವುದು ಲೇಔಟು, ಸೈಟು. ಅಥಾರಿಟಿ ಅಂತಲೇ ಬಿಡಿ, ಓದುವವರಿಗೆ ತಿಳಿಯುತ್ತದೆ.

‘ಇವತ್ತೂ ಖಾಸಗಿ ರಾಕೆಟ್ ಹಾರುತ್ತಿವೆ, ಅದೂ ಅದೇ ಅಲ್ವಾ?’ ಅಂತ ಒಬ್ಬರು ಮೇಷ್ಟ್ರು ಕೇಳಿದರು. ಅಲ್ಲ. 2022ರ ನವೆಂಬರ್ 18ರಂದು ವಿಕ್ರಮ್-ಎಸ್ ಹಾರಿತು, ಭಾರತದ ಮೊದಲ ಖಾಸಗಿ ರಾಕೆಟ್. ಆದರೆ ಅದಕ್ಕೆ ಸರ್ಕಾರದ ಅನುಮತಿ ಬೇಕಿತ್ತು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿಯವರು ಮೇಲೆ ಏನೇ ಮಾಡಿದರೂ ಅವರ ದೇಶವೇ ಹೊಣೆ. ಅನುಮತಿ ಕೊಡಬೇಕು, ಕಣ್ಣಿಟ್ಟೂ ಇರಬೇಕು. ಚಂದ್ರ ನಂದು ಅಂತ ಯಾವ ದೇಶವೂ ಹೇಳುವ ಹಾಗಿಲ್ಲ. ಈ ರಾಕೆಟ್ಟುಗಳಿಗೆ ‘ಖಾಸಗಿ ವಲಯ’ ಅನ್ನಿ, ಸರಿಯಾದ ಪದ ಅದು. ಮೇಲೆ ಸರ್ಕಾರ ಇದೆ, ಕೆಳಗೆ ಕಂಪನಿ ಇದೆ.

ಇಲ್ಲೇ ಹತ್ತಿರದಲ್ಲಿ ನೋಡಬೇಕಾದರೆ ವಾಡಿ ನೋಡಿ. ಸಿಮೆಂಟಿನ ಊರು. ಕಂಪನಿ ಕ್ವಾರ್ಟರ್ಸು, ಶಿಫ್ಟಿನ ಗಂಟೆಗೆ ಏಳುವ ಮನೆಗಳು. ಹೊರಗಿನವರಿಗೆ ಊರಿಗೆ ಊರೇ ಕಂಪನಿಯದು ಅನ್ನಿಸಬಹುದು. ಆದರೆ ಗೇಟಿನ ಹೊರಗೆ ಪೊಲೀಸ್ ಠಾಣೆ ಇದೆ, ವಾಡಿಗೆ ಪುರಸಭೆ ಇದೆ. ಪಗಾರದಲ್ಲಿ ಮೋಸ ಆದರೆ ಕಾರ್ಮಿಕ ಇಲಾಖೆಗೆ ಹೋಗಬಹುದು, ಅಲ್ಲಿಂದ ಮುಂದೆ ಕಲಬುರಗಿಯ ಹೈಕೋರ್ಟ್ ಪೀಠದವರೆಗೂ ಹೋಗಬಹುದು. ಕಾರ್ಪೊರೇಟ್ ಸೆಕ್ಟರ್‌ನಲ್ಲಿ ಆ ಠಾಣೆ, ಆ ಪುರಸಭೆ, ಆ ಪೀಠ ಎಲ್ಲವೂ ಗೇಟಿನ ಒಳಗೇ ಇರುತ್ತವೆ. ಈ ಒಂದು ಫರಕು ಹಿಡಿದರೆ ಇಡೀ ಪದ ಹಿಡಿದ ಹಾಗೆ.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ‘ಕಂಪನಿ ಸರ್ಕಾರ’ ಅನ್ನಬಹುದು, ಕಿತ್ತೂರಿನ ಕಡೆಯವರಿಗೆ ಅದು ಕೂಡಲೇ ಹತ್ತುತ್ತದೆ. ಈಸ್ಟ್ ಇಂಡಿಯಾ ಕಂಪನಿಗೆ 1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಸನದು ಕೊಟ್ಟಾಗ ಆ ವ್ಯಾಪಾರಿಗಳನ್ನು ಒಂದು ಮೈ ಮಾಡಿದ್ದೇ ಈ ‘ಕಾರ್ಪೊರೇಟ್’ ಪದ. 1765ರಲ್ಲಿ ಬಂಗಾಳದ ದಿವಾನಿ ಕೈಗೆ ಬಂತು, ಕಂದಾಯ ಎತ್ತಲು ಶುರು ಮಾಡಿದರು. ನಮ್ಮ ಭಾಗದ ಕಥೆ ಸ್ವಲ್ಪ ಬೇರೆ. ಇಲ್ಲಿ ನಿಜಾಮರ ರಾಜ್ಯ. ಕಂಪನಿ ಇಲ್ಲಿಗೆ ಬಂದದ್ದು ಸಾಲ ವಸೂಲಿಗೆ ಬಂದವನ ಹಾಗೆ. ತನ್ನ ಫೌಜಿನ ಖರ್ಚು ಬಾಕಿ ಇದೆ ಅಂತ 1853ರಲ್ಲಿ ಬೇರಾರ್ ಜೊತೆಗೆ ರಾಯಚೂರು ದೋಆಬನ್ನೂ ಬರೆಸಿಕೊಂಡಿತು. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ತಿರುಗಿ ಬಿದ್ದದ್ದು ಇಂಥ ಕಂಪನಿಯ ಮೇಲೆ. ಅದೇ ವರ್ಷ ಕಂಪನಿಯ ಆಳ್ವಿಕೆಯೂ ಮುಗಿಯಿತು.

ಆದರೂ ನನ್ನ ಆಯ್ಕೆ ‘ಜಾಗೀರು’. ಪಾರ್ಸಿಯಲ್ಲಿ ‘ಜಾ’ ಅಂದರೆ ಜಾಗ, ‘ಗೀರ್’ ಅಂದರೆ ಹಿಡಿದವನು. ಜಾಗ ಹಿಡಿದುಕೊಂಡಿರುವುದು, ಅಷ್ಟೇ. ಪದದ ಒಳಗೇ ನೆಲ ಇದೆ, ಹಿಡಿತವೂ ಇದೆ. ಮೇಲೆ ಒಬ್ಬ ದೊರೆ ಇರುತ್ತಾನೆ, ಹೆಸರಿಗೆ ರಾಜ್ಯ ಅವನದೇ. ಅವನು ಒಂದು ತುಂಡು ನೆಲವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುತ್ತಾನೆ. ಆ ತುಂಡಿನ ಕಂದಾಯ ಈ ಜಾಗೀರದಾರನಿಗೆ. ದೊಡ್ಡ ಜಾಗೀರುಗಳಲ್ಲಿ ಪೊಲೀಸು, ಕಚೇರಿ, ನ್ಯಾಯ ಎಲ್ಲವೂ ಅವನದೇ. ಆಳಂದ, ಚಿಟಗುಪ್ಪ ಎಲ್ಲ ಹೀಗೆ ಪಾಯಗಾ ಅನ್ನುವ ನಿಜಾಮರ ಸರದಾರ ಮನೆತನಗಳ ಜಾಗೀರುಗಳ ಕೆಳಗಿದ್ದ ಊರುಗಳು. ಕಾರ್ಪೊರೇಟ್ ಸೆಕ್ಟರ್‌ನ ರಚನೆಯೂ ಇದೇ. ಗೆಲಾಕ್ಸಿಗೆ ಒಬ್ಬ ಚಕ್ರವರ್ತಿ ಇದ್ದಾನೆ, ಬಹಳ ದೂರದಲ್ಲಿ. ಗ್ರಹದ ಮೇಲೆ ನಿಂತವನಿಗೆ ಕಾಣುವುದು ಅಥಾರಿಟಿ ಮಾತ್ರ. ‘ಕಂಪನಿ ಸರ್ಕಾರ’ ಅಂದರೆ ಮೇಲಿನ ಆ ದೊರೆ ಮಾಯವಾಗುತ್ತಾನೆ. ‘ಕಂಪನಿ ಜಾಗೀರು’ ಅಂದರೆ ಇಬ್ಬರೂ ಉಳಿಯುತ್ತಾರೆ.

ನಮ್ಮ ಮುತ್ತ್ಯಾನ ಟ್ರಂಕಿನಲ್ಲಿ ಒಂದು ರಸೀದಿ ಇದೆ. ಅಂಗೈ ಅಗಲದ ಹಳದಿ ಕಾಗದ, ಮಡಿಕೆಯಲ್ಲಿ ಹರಿಯುತ್ತಾ ಬಂದಿದೆ. ಉರ್ದುವಿನಲ್ಲಿ ಬರೆದದ್ದು, ಕೆಳಗೆ ಮುತ್ತ್ಯಾನ ಹೆಬ್ಬೆಟ್ಟು. ಓದಲು ಬರುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಓದಿದರು: ಸನ್ 1349 ಫಸಲಿ, ಅಂದರೆ 1939-40ರ ಸುಮಾರು. ಹೊಲದ ಕಂದಾಯ ಮುಟ್ಟಿದೆ. ಮೊಹರು ಜಾಗೀರು ಕಚೇರಿಯದು. ‘ನಿಜಾಮರ ಹೆಸರು ಎಲ್ಲೂ ಇಲ್ಲೇನ್ರಿ?’ ಅಂದೆ. ‘ಇದರಾಗ ಇಲ್ರಿ. ರೊಕ್ಕ ತೊಗೊಂಡವರು ಜಾಗೀರದವರು, ಹೆಸರೂ ಅವರದೇ ಅದ’ ಅಂದರು. ಮುತ್ತ್ಯಾ ತನಗೆ ಓದಲು ಬಾರದ ಕಾಗದವನ್ನು ಸಾಯುವವರೆಗೂ ನುಸಿಗುಳಿಗೆ ಹಾಕಿ ಕಾಪಾಡಿಕೊಂಡಿದ್ದ. ಅದು ಕಳೆದರೆ ಹೊಲ ಹೋದೀತು ಅನ್ನುವ ಹೆದರಿಕೆ. ಜಾಗೀರು ಪದ್ಧತಿ 1949ರಲ್ಲೇ ರದ್ದಾಗಿತ್ತು. ಹೆದರಿಕೆ ರದ್ದಾಗಿರಲಿಲ್ಲ.

ಒಂದು ಕೊರತೆ ಇದೆ, ಹೇಳಿಬಿಡುತ್ತೇನೆ. ಜಾಗೀರದಾರ ಒಬ್ಬ ಮನುಷ್ಯ. ಮಳೆ ಬಾರದಿದ್ದರೆ ಅವನ ದೇವಡಿಯ ಮುಂದೆ ನಿಂತು ಕೈ ಮುಗಿಯಬಹುದಿತ್ತು, ಬೈಗುಳ ತಿಂದಾದರೂ ಮುಖ ನೋಡಿ ಮಾತಾಡಬಹುದಿತ್ತು. ಕಂಪನಿಗೆ ಮುಖ ಇಲ್ಲ. ಕಾನೂನು ಅದಕ್ಕೆ ಮೈ ಕೊಟ್ಟಿದೆ, ಮುಖ ಕೊಟ್ಟಿಲ್ಲ. ಅದಕ್ಕೇ ಬರೀ ‘ಜಾಗೀರು’ ಸಾಲದು, ‘ಕಂಪನಿ’ ಮುಂದೆ ಇರಲೇಬೇಕು. ಎರಡೂ ಕೂಡಿದಾಗ ಅರ್ಥ ಪೂರ್ತಿ ಬರುತ್ತದೆ.

ಬಹುಮಾನದ ದಿನ ಆ 55 ವಾರ್ಡಿನ ಹುಡುಗ ಸಿಕ್ಕಿದ್ದ. ಇಷ್ಟನ್ನೂ ಅವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಸರ, ಜಾಗೀರ ಅಂತ ಬರದ್ರ ಬೆಂಗಳೂರಿನವರಿಗಿ ತಿಳೀತದೇನ್ರಿ?’ ಅಂದ. ತಿಳಿಯುತ್ತದೆ. ‘ಇದೇನು ನಿಮ್ಮಪ್ಪನ ಜಾಗೀರಾ?’ ಅಂತ ಬೆಂಗಳೂರಿನ ಬಸ್ಸಿನಲ್ಲೂ ಸೀಟಿಗೆ ಜಗಳ ಆಡುತ್ತಾರೆ. ಕೆಲವರು ‘ಜಹಗೀರು’ ಅಂತ ಬರೆಯುತ್ತಾರೆ, ಅದೂ ಸರಿ. ಯಾವುದಾದರೂ ಒಂದನ್ನು ಹಿಡಿದು ಕಥೆಯ ಕೊನೆಯವರೆಗೆ ಅದನ್ನೇ ಬರಿ ಅಂದೆ.