ಎಂಟನೇ ಕ್ಲಾಸಿನ ಹೊಟ್ಟೆನೋವು

ನಮ್ಮ ಅಕ್ಕನ ಮಗ ಜೂನ್‌ನಲ್ಲಿ ಹೈಸ್ಕೂಲಿಗೆ ಸೇರಿದ. ಮೊದಲ ವಾರ ಸಂಭ್ರಮವೋ ಸಂಭ್ರಮ. ಹೊಸ ಬ್ಯಾಗು, ಹೊಸ ಬೂಟು, ಮೊದಲ ಸಲ ಚಡ್ಡಿ ಬಿಟ್ಟು ಪ್ಯಾಂಟು. ಎರಡನೇ ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂತ. ಅಕ್ಕ ಓಮದ ಕಷಾಯ ಕೊಟ್ಟಳು. ಬಸ್ಸು ಹೋದ ಮೇಲೆ ನೋವೂ ಹೋಯಿತು. ಮುಂದಿನ ಸೋಮವಾರ ಮತ್ತೆ ಅದೇ ಕಥೆ. ಭಾನುವಾರ ಮಾತ್ರ ಒಂದು ದಿನವೂ ನೋವಿಲ್ಲ. ‘ಎಲ್ಲಾ ನಾಟಕ’ ಅಂದರು ಭಾವ.

ನಾಟಕ ಆಗಿರಲಿಲ್ಲ. ಹೊಟ್ಟೆಗೂ ಮಿದುಳಿಗೂ ಹಗಲೂ ರಾತ್ರಿ ಮಾತುಕತೆ ನಡೆಯುತ್ತಲೇ ಇರುತ್ತದೆ. ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ. ಭಯವಾದಾಗ ಕರುಳಿನ ಚಲನೆ ಏರುಪೇರಾಗುತ್ತದೆ. ಬೇರೆ ದಿನ ಗಮನಕ್ಕೇ ಬಾರದ ಸಣ್ಣ ಸೆಳೆತ ಆವತ್ತು ನಿಜವಾದ ನೋವಾಗಿ ತಿಳಿಯುತ್ತದೆ. ಡಾಕ್ಟರು ನೋಡಿ ಬೇರೇನೂ ತೊಂದರೆಯಿಲ್ಲ ಅಂದರು. ಹಾಗಾದರೆ ಹುಡುಗನಿಗೆ ಭಯ ಯಾವುದರದು? ಕೇಳಿದರೆ ಅವನಿಗೂ ಗೊತ್ತಿಲ್ಲ.

ಒಂದು ಸಂಜೆ ನಾನೂ ಅಕ್ಕನೂ ಕೂತು, ಆ ಒಂದೇ ಜೂನ್‌ನಲ್ಲಿ ಅವನ ಪಾಲಿಗೆ ಏನೇನು ಬದಲಾಯಿತು ಅಂತ ಎಣಿಸಿದೆವು. ಊರ ಶಾಲೆ ಹೋಗಿ ಪೇಟೆಯ ಶಾಲೆ ಬಂತು. ಕ್ಲಾಸಿನಲ್ಲಿ ಹದಿನಾಲ್ಕು ಮಕ್ಕಳಿದ್ದಲ್ಲಿ ಈಗ ಅರವತ್ತು. ನಡೆದು ಹೋಗುತ್ತಿದ್ದವನು ಬಸ್ಸಿಗೆ ಕಾಯಬೇಕು. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮ. ಬೆಳಿಗ್ಗೆ ಆರಕ್ಕೆ ಟ್ಯೂಷನ್. ‘ಇನ್ನು ಮೂರು ವರ್ಷಕ್ಕೆ ಎಸ್ಸೆಸ್ಸೆಲ್ಸಿ’ ಅಂತ ಕಬಡ್ಡಿ ಬಂದ್. ಅವನ ಜೀವದ ಗೆಳೆಯ ಬೇರೆ ಶಾಲೆಗೆ. ಇದರ ಮೇಲೆ ದನಿ ಒಡೆಯುತ್ತಿದೆ, ಮೂಗಿನ ಮೇಲೆ ಮೊಡವೆ. ಏಳೆಂಟು ಬದಲಾವಣೆ! ನಮ್ಮ ಆಫೀಸಿನಲ್ಲಿ ಕುರ್ಚಿ ಬದಲಾದರೆ ಒಂದು ವಾರ ಗೊಣಗುವವರು ನಾವು.

ಇಂಥದೇ ಲೆಕ್ಕವನ್ನು ವಿಜ್ಞಾನಿಗಳೂ ಹಾಕಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ರೊಬರ್ಟಾ ಸಿಮನ್ಸ್ ಎಂಬ ಸಮಾಜವಿಜ್ಞಾನಿ ಮತ್ತು ಅವರ ಜೊತೆಗಾರರು ನೂರಾರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಆ ಊರಿನಲ್ಲಿ ಎರಡು ಥರದ ಶಾಲೆಗಳಿದ್ದವು. ಕೆಲವು ಮಕ್ಕಳು ಎಂಟನೇ ಕ್ಲಾಸಿನವರೆಗೆ ಒಂದೇ ಶಾಲೆಯಲ್ಲಿರುತ್ತಿದ್ದರು. ಉಳಿದವರು ಆರಕ್ಕೇ ಮುಗಿಸಿ, ಏಳನೆಯದಕ್ಕೆ ದೊಡ್ಡ ಶಾಲೆಗೆ ಹೋಗುತ್ತಿದ್ದರು. ಏಳಕ್ಕೇ ಶಾಲೆ ಬದಲಿಸಿದ ಹುಡುಗಿಯರಿಗೆ ತಮ್ಮ ಬಗ್ಗೆ ತಮಗಿದ್ದ ಭರವಸೆಯೇ ಕುಗ್ಗಿತ್ತು. ಅದೇ ವಯಸ್ಸಿನ, ಹಳೆಯ ಶಾಲೆಯಲ್ಲೇ ಉಳಿದ ಹುಡುಗಿಯರಿಗೆ ಹಾಗಾಗಿರಲಿಲ್ಲ. ಮೈ ನೆರೆಯುವ ಹೊತ್ತು, ಶಾಲೆ ಬದಲಿಸುವ ಹೊತ್ತು ಎರಡೂ ಒಟ್ಟಿಗೆ ಬಂದದ್ದು ಹೊರೆಯಾಗಿತ್ತು.

1987ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಶಾಲೆ ಬದಲು, ದೇಹದ ಬದಲು, ಮನೆ ಬದಲು, ಕುಟುಂಬದಲ್ಲಿ ಒಡಕು ಇಂಥವು ಎಷ್ಟು ಒಟ್ಟಿಗೆ ಬಂದವು ಅಂತ ಎಣಿಸಿತು. ಎಣಿಕೆ ಹೆಚ್ಚಾದಷ್ಟೂ ಮಕ್ಕಳ ಅಂಕಗಳು ಇಳಿದಿದ್ದವು. ಆಟ, ಸಂಘ ಇಂಥವುಗಳಿಂದಲೂ ಅವರು ಹಿಂದೆ ಸರಿದಿದ್ದರು. ಸಿಮನ್ಸ್ ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿತು. ಪ್ರತಿ ಮನುಷ್ಯನಿಗೂ ಒಂದು ನೆಮ್ಮದಿಯ ಅಂಗಳ ಬೇಕು. ಬದುಕಿನ ಯಾವುದಾದರೂ ಒಂದು ಮೂಲೆ, ಅಲ್ಲಿ ಏನನ್ನೂ ಸಾಬೀತು ಮಾಡಬೇಕಿಲ್ಲ. ಅದೊಂದು ಗಟ್ಟಿಯಾಗಿದ್ದರೆ ಮಗು ಉಳಿದ ಕಡೆಯ ಗಲಾಟೆಯನ್ನು ತಡೆದುಕೊಳ್ಳುತ್ತದೆ. ಎಲ್ಲ ಮೂಲೆಗಳೂ ಒಮ್ಮೆಲೇ ಅಲುಗಾಡಿದರೆ ಕಾಲೂರಲು ಜಾಗವೇ ಇರುವುದಿಲ್ಲ.

ಈಗ ನಮ್ಮ ಹುಡುಗನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಶಾಲೆ ಬದಲಾಗಲೇಬೇಕಿತ್ತು. ನಮ್ಮಲ್ಲಿ ಬಹಳಷ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ. ಟಿಸಿ ತೆಗೆದುಕೊಂಡು ಹೋಬಳಿಗೋ ತಾಲ್ಲೂಕು ಪೇಟೆಗೋ ಹೋಗಲೇಬೇಕು. ದನಿ ಒಡೆಯುವುದನ್ನೂ ಯಾರೂ ತಡೆಯಲಾರರು. ಆದರೆ ಕಬಡ್ಡಿ? ಟ್ಯೂಷನ್? ಮಾಧ್ಯಮ? ಅವನ್ನು ಬದಲಿಸಿದ್ದು ನಾವು, ದೊಡ್ಡವರು. ಅದೂ ಅವನ ಒಳ್ಳೆಯದಕ್ಕೇ ಅಂತ. ‘ಹೆಂಗೂ ಹೊಸ ಶಾಲೆ, ಎಲ್ಲಾ ಒಂದೇ ಸಲ ಶುರುವಾಗ್ಲಿ’ ಅನ್ನುವ ಆಲೋಚನೆ ನಮಗೆ ಸಹಜವಾಗಿ ಬರುತ್ತದೆ. ಸಿಮನ್ಸ್ ಲೆಕ್ಕದ ಪ್ರಕಾರ ಅದೇ ಎಡವಟ್ಟು.

ಕಬಡ್ಡಿಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಆರು ಗಂಟೆಯ ಟ್ಯೂಷನ್.

ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ರಾಸಾಯನಿಕ ಬಿಡುತ್ತದೆ. ದೇಹಕ್ಕೆ ‘ಇನ್ನು ರಾತ್ರಿ’ ಅಂತ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಹರೆಯ ಶುರುವಾದಾಗ ಈ ಸುದ್ದಿ ಒಂದೆರಡು ಗಂಟೆ ತಡವಾಗಿ ಬರತೊಡಗುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಇನ್ನೊಂದು ವಿಷಯವೂ ಇದೆ. ಎಚ್ಚರವಿದ್ದಷ್ಟು ಹೊತ್ತೂ ನಮ್ಮೊಳಗೆ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ಬೇಗ ತುಂಬುತ್ತದೆ, ಅದಕ್ಕೇ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತವೆ. ಹದಿಹರೆಯದಲ್ಲಿ ಅದು ನಿಧಾನವಾಗಿ ತುಂಬುತ್ತದೆ. ಹಾಗಾಗಿ ಹತ್ತೂವರೆಯಾದರೂ ಕಣ್ಣು ಅರಳಿಸಿಕೊಂಡೇ ಕೂತಿರುತ್ತಾರೆ. ಮೊಬೈಲು ಇದನ್ನು ಇನ್ನಷ್ಟು ಕೆಡಿಸುತ್ತದೆ, ನಿಜ. ಆದರೆ ಮೊಬೈಲು ಕಿತ್ತುಕೊಂಡರೂ ಒಳಗಿನ ಗಡಿಯಾರ ಹಿಂದೆಯೇ ಓಡುತ್ತಿರುತ್ತದೆ.

13ರಿಂದ 18ರ ವಯಸ್ಸಿಗೆ ತಜ್ಞರು ಹೇಳುವುದು 8ರಿಂದ 10 ಗಂಟೆ ನಿದ್ದೆ. ಹನ್ನೊಂದಕ್ಕೆ ಮಲಗಿ ಟ್ಯೂಷನ್‌ಗಾಗಿ ಐದೂವರೆಗೆ ಎದ್ದರೆ ಸಿಗುವುದು ಆರೂವರೆ ಗಂಟೆ. ಕನಿಷ್ಠಕ್ಕಿಂತ ಒಂದೂವರೆ ಗಂಟೆ ಕಡಿಮೆ. ವಾರಕ್ಕೆ ಆರು ದಿನ ಅಂದರೆ ಒಂಬತ್ತು ಗಂಟೆ. ಪ್ರತಿ ವಾರ ಒಂದು ಪೂರ್ತಿ ರಾತ್ರಿಯನ್ನೇ ಕದ್ದ ಹಾಗೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ ಆದ್ದರಿಂದ, ದುಡ್ಡು ಕೊಟ್ಟು ಪಾಠ ಹೇಳಿಸಿ ಅದು ಉಳಿಯದಂತೆಯೂ ನಾವೇ ನೋಡಿಕೊಳ್ಳುತ್ತಿದ್ದೇವೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ, ಈ ವಯಸ್ಸಿನವರ ಶಾಲೆ ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಅಂದಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳಿಗೆ ಇದು ಕಾನೂನೇ ಆಗಿದೆ. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಅನ್ನುವುದು ನಮ್ಮ ಅಜ್ಜನ ಕಾಲದ ಮಾತು. ರಾತ್ರಿ ಎಂಟಕ್ಕೆ ದೀಪ ಆರಿಸಿ ಮಲಗುತ್ತಿದ್ದವರಿಗೆ ಅದು ಸರಿಯೇ ಇತ್ತು.

ಇನ್ನು ಶಾಲೆಯ ಒಳಗೆ. ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಟೀಚರ್ ದಿನವಿಡೀ ಜೊತೆಗಿರುತ್ತಿದ್ದರು. ಮಗುವಿನ ಮುಖ ನೋಡಿಯೇ ಬೆಳಿಗ್ಗೆ ತಿಂಡಿ ತಿಂದಿಲ್ಲ ಅಂತ ಹೇಳುತ್ತಿದ್ದರು. ಹೈಸ್ಕೂಲಿನಲ್ಲಿ ಬೆಲ್ ಹೊಡೆದ ಹಾಗೆ ಒಬ್ಬೊಬ್ಬರು ಬಂದು ಹೋಗುತ್ತಾರೆ. ಗಣಿತ, ಭೌತಶಾಸ್ತ್ರ ಹೇಳುವ ಪಿಸಿಎಂ ಮೇಷ್ಟ್ರು ಹೋದರು, ಜೀವಶಾಸ್ತ್ರ ಹೇಳುವ ಸಿಬಿಝಡ್ ಮೇಡಂ ಬಂದರು. ಹೆಸರು ಗೊತ್ತಾಗುವುದಕ್ಕೇ ದಸರಾ ಬರಬೇಕು. ಜಾಕ್ವೆಲಿನ್ ಎಕಲ್ಸ್ ಎಂಬ ಮನಶ್ಶಾಸ್ತ್ರಜ್ಞೆ 1993ರಲ್ಲಿ ಇದರ ವಿಚಿತ್ರವನ್ನು ಎತ್ತಿ ತೋರಿಸಿದರು. ಮಗು ‘ನನ್ನದನ್ನು ನಾನೇ ನಿರ್ಧರಿಸುತ್ತೇನೆ’ ಅನ್ನುವ ವಯಸ್ಸಿಗೆ ಬರುತ್ತದೆ, ಶಾಲೆ ಆಗಲೇ ನಿಯಮ ಬಿಗಿ ಮಾಡುತ್ತದೆ. ಅಪ್ಪ ಅಮ್ಮನ ಹೊರಗೆ ನಂಬುವ ಒಬ್ಬ ಹಿರಿಯರು ಬೇಕಾದ ಕಾಲಕ್ಕೇ ಮೇಷ್ಟ್ರುಗಳು ದೂರವಾಗುತ್ತಾರೆ. ತನ್ನ ಬಗ್ಗೆ ತನಗೇ ಅನುಮಾನ ಹುಟ್ಟುವ ಹೊತ್ತಿಗೆ ರ‍್ಯಾಂಕ್ ಪಟ್ಟಿ ಗೋಡೆಗೆ ಬರುತ್ತದೆ. ವಯಸ್ಸು ಒಂದು ಕಡೆ ಎಳೆದರೆ ಶಾಲೆ ಇನ್ನೊಂದು ಕಡೆ.

ಇದರ ಜೊತೆ ಅರವತ್ತು ಜೋಡಿ ಕಣ್ಣುಗಳು. 2013ರಲ್ಲಿ ಲಿಯಾ ಸೊಮರ್ವಿಲ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ಎಂಟರಿಂದ ಇಪ್ಪತ್ತೆರಡು ವರ್ಷದವರನ್ನು ಒಬ್ಬೊಬ್ಬರನ್ನಾಗಿ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ‘ಈಗ ಕ್ಯಾಮೆರಾ ಆನ್ ಆಗಿದೆ, ನಿನ್ನ ವಯಸ್ಸಿನವರೊಬ್ಬರು ನಿನ್ನನ್ನು ನೋಡುತ್ತಿದ್ದಾರೆ’ ಅಂದರು. ನಿಜಕ್ಕೂ ಯಾರೂ ನೋಡುತ್ತಿರಲಿಲ್ಲ. ಸುಮ್ನೆ ಅಷ್ಟು ಹೇಳಿದ್ದಕ್ಕೇ ಹದಿಹರೆಯದವರ ಮುಜುಗರ ಚಿಕ್ಕ ಮಕ್ಕಳಿಗಿಂತ ಜಾಸ್ತಿಯಾಯಿತು. ತನ್ನ ಬಗ್ಗೆ ತಾನು ಯೋಚಿಸುವಾಗ ಕೆಲಸ ಮಾಡುವ ಮಿದುಳಿನ ಭಾಗವೂ ಹೆಚ್ಚು ಚುರುಕಾಯಿತು. ಯಾರೂ ನೋಡದ ಕಡೆ ಹೀಗಾದರೆ, ಅರವತ್ತು ಜನರ ಮುಂದೆ ಎದ್ದು ನಿಂತು ಇಂಗ್ಲಿಷ್ ಪಾಠ ಜೋರಾಗಿ ಓದಬೇಕಾದವನ ಹೊಟ್ಟೆ ಏನಾಗಬೇಕು?

ಇಂಗ್ಲಿಷ್ ಅಂದೆನಲ್ಲ, ಮಾಧ್ಯಮ ಬದಲಿಸುವವರು ಒಂದು ಲೆಕ್ಕ ತಿಳಿದಿರಬೇಕು. ಕೆನಡಾಗೆ ವಲಸೆ ಬಂದ ಮಕ್ಕಳನ್ನು ನೋಡಿ ಭಾಷಾ ಕಲಿಕೆಯ ತಜ್ಞ ಜಿಮ್ ಕಮಿನ್ಸ್ ಹೇಳಿದ್ದು: ಆಟದ ಮೈದಾನದ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆ ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೂ ಇಂಗ್ಲಿಷೇ ಇರುವ ದೇಶದಲ್ಲಿ. ಎಂಟಕ್ಕೆ ಮಾಧ್ಯಮ ಬದಲಿಸಿ ಹತ್ತರಲ್ಲಿ ಬೋರ್ಡ್ ಪರೀಕ್ಷೆ ಬರೆಸುವಾಗ ಮಗುವಿಗೆ ಸಿಗುವುದು ಮೂರೇ ವರ್ಷ. ಬದಲಿಸಲೇಬೇಡಿ ಅಂತ ನಾನು ಹೇಳುವುದಿಲ್ಲ, ಅದು ಮನೆಮನೆಯ ಲೆಕ್ಕಾಚಾರ. ಆದರೆ ಬದಲಿಸಿದ ಮೇಲೆ ಮೊದಲ ಟೆಸ್ಟಿನಲ್ಲಿ ಅಂಕ ಬಿದ್ದರೆ ‘ದಡ್ಡನಾದ’ ಅನ್ನಬೇಡಿ. ದ್ಯುತಿಸಂಶ್ಲೇಷಣೆ ಅಂದರೆ ಏನು ಅಂತ ಅವನಿಗೆ ಚೆನ್ನಾಗಿ ಗೊತ್ತಿದೆ. ಫೋಟೋಸಿಂಥಸಿಸ್ ಅನ್ನುವುದು ಅದೇ ಅಂತ ಯಾರಾದರೂ ಹೇಳಬೇಕು, ಅಷ್ಟೆ. ಪಾಠವನ್ನು ಮನೆಯಲ್ಲಿ ಕನ್ನಡದಲ್ಲಿ ವಿವರಿಸಲು ಬಿಡಿ. ಹಳೆಯ ಏಳನೇ ಕ್ಲಾಸಿನ ವಿಜ್ಞಾನ ಪುಸ್ತಕವನ್ನು ರದ್ದಿಗೆ ಹಾಕಬೇಡಿ.

ಹಾಗಾದರೆ ಅಪ್ಪ ಅಮ್ಮ ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿಸಬೇಕೇ? ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ಸಂಶೋಧಕಿಯರು 2009ರಲ್ಲಿ ಈ ವಯಸ್ಸಿನ ಮಕ್ಕಳ ಬಗ್ಗೆ ನಡೆದಿದ್ದ 50 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಹೋಂವರ್ಕಿಗೆ ಕೈಜೋಡಿಸುವುದರಿಂದ ಅಂಕಗಳಿಗೆ ಅಂಥ ಲಾಭ ಕಾಣಲಿಲ್ಲ. ಎಲ್ಲಕ್ಕಿಂತ ಹೆಚ್ಚು ನಂಟು ಕಂಡದ್ದು ಮಾತುಕತೆಗೆ: ಓದು ಯಾಕೆ ಬೇಕು, ಮುಂದೆ ಏನಾಗಬೇಕು ಅಂತಿದೆ, ಈ ಪಾಠ ಬದುಕಿನಲ್ಲಿ ಎಲ್ಲಿ ಸಿಗುತ್ತದೆ ಅನ್ನುವಂಥ ಮಾತು. ಹೈಸ್ಕೂಲು ಓದದ ಅಮ್ಮನೂ ಇದನ್ನು ಮಾಡಬಲ್ಲಳು. ಬೀಜಗಣಿತ ಬರಬೇಕಿಲ್ಲ. ಆದರೆ ‘ಹೆಂಗಿತ್ತೋ ಸ್ಕೂಲು?’ ಅಂದರೆ ‘ಚೆನ್ನಾಗಿತ್ತು’ ಅಂತಲೇ ಉತ್ತರ ಬರುತ್ತದೆ. ‘ಇವತ್ತು ಯಾರ ಪಕ್ಕ ಕೂತು ಊಟ ಮಾಡಿದೆ?’ ಅಂತ ಕೇಳಿ ನೋಡಿ. ಅದೂ ಎದುರು ಕೂತಲ್ಲ. ಅವರೆಕಾಯಿ ಬಿಡಿಸುವಾಗ, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗ.

ಇನ್ನೊಂದು ಪ್ರಯೋಗ ಹೇಳಬೇಕು, ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಜೆಫ್ರಿ ಬೋರ್ಮನ್ ತಂಡ 11 ಶಾಲೆಗಳ 1,304 ಹೊಸ ಮಕ್ಕಳನ್ನು ಆರಿಸಿಕೊಂಡಿತು. ಅರ್ಧದಷ್ಟು ಮಕ್ಕಳಿಗೆ ಹಿಂದಿನ ವರ್ಷದವರು ಹೇಳಿದ ಪುಟ್ಟ ಅನುಭವಗಳನ್ನು ಓದಲು ಕೊಟ್ಟರು. ‘ಮೊದಮೊದಲು ನನಗೂ ಭಯವಿತ್ತು, ಆಮೇಲೆ ಸರಿಹೋಯಿತು’ ಅನ್ನುವ ಧಾಟಿಯವು. ಓದಿ, ತಮ್ಮ ಅನುಭವವನ್ನೂ ಬರೆಯಬೇಕು. ಇಂಥದು ಎರಡು ಸಲ, ಅಷ್ಟೇ. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೀಗೆ ಬರೆದ ಮಕ್ಕಳಲ್ಲಿ ಶಿಸ್ತಿನ ದೂರುಗಳು 34 ಶೇಕಡಾ ಕಡಿಮೆ, ನಪಾಸು 18 ಶೇಕಡಾ ಕಡಿಮೆ. ಹಾಜರಿಯೂ ಸುಧಾರಿಸಿತ್ತು. ಯಾರೂ ಅವರಿಗೆ ಹೊಸ ಪಾಠ ಹೇಳಿಕೊಟ್ಟಿರಲಿಲ್ಲ. ‘ಇಲ್ಲಿಗೆ ನಾನು ಸಲ್ಲುವುದಿಲ್ಲ’ ಅನ್ನುವ ಒಳಗಿನ ಗುಮಾನಿ ತನಗೊಬ್ಬನಿಗೇ ಇಲ್ಲ ಅಂತ ತಿಳಿದದ್ದೇ ಅಷ್ಟು ಕೆಲಸ ಮಾಡಿತ್ತು.

ಇದಕ್ಕೆ ಖರ್ಚಿಲ್ಲ. ಪ್ರತಿ ಊರಿನಲ್ಲೂ ಒಂಬತ್ತನೆಯದರಲ್ಲಿ ಓದುವ ಒಬ್ಬ ಅಣ್ಣನೋ ಅಕ್ಕನೋ ಇದ್ದೇ ಇರುತ್ತಾರೆ. ಅವರ ಜೊತೆ ಹತ್ತು ನಿಮಿಷ ಕೂರಿಸಿ. ಮೊದಲ ರ‍್ಯಾಂಕಿನವರನ್ನೇ ಹುಡುಕಬೇಡಿ. ಮೊದಲ ಟೆಸ್ಟಿನಲ್ಲಿ ಒದ್ದಾಡಿ ಆಮೇಲೆ ಸುಧಾರಿಸಿಕೊಂಡವರು ಇನ್ನೂ ಒಳ್ಳೆಯದು.

ಹೆಣ್ಣುಮಕ್ಕಳ ವಿಷಯದಲ್ಲಿ ದಾರಿಯ ಪ್ರಶ್ನೆಯನ್ನೂ ಮರೆಯುವ ಹಾಗಿಲ್ಲ. ಶಾಲೆ ನಾಲ್ಕು ಕಿಲೋಮೀಟರ್ ಆಚೆಗಿದ್ದರೆ ಓದೇ ನಿಂತುಬಿಡಬಹುದು. ಬಿಹಾರ 2006ರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್‌ಗೆ ದುಡ್ಡು ಕೊಡಲು ಶುರು ಮಾಡಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿದಾಗ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ 32 ಶೇಕಡಾ ಏರಿತ್ತು, ಹೆಚ್ಚಿನ ಏರಿಕೆ ಶಾಲೆ ದೂರವಿದ್ದ ಊರುಗಳಲ್ಲಿ. ನಮ್ಮಲ್ಲೂ ಅದೇ ಸುಮಾರಿಗೆ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡತೊಡಗಿದರು. ನಾಲ್ಕೈದು ಹುಡುಗಿಯರು ಸಾಲಾಗಿ ಸೈಕಲ್ ತುಳಿದು ಹೋಗುವುದು ಎಷ್ಟೋ ಹಳ್ಳಿಗಳ ಬೆಳಗಿನ ನೋಟವಾಗಿತ್ತು. ಜೊತೆಗೆ ಹೋಗುವ ಗೆಳತಿಯರಿದ್ದರೆ ಆ ದಾರಿಯೂ ಒಂದು ನೆಮ್ಮದಿಯ ಅಂಗಳವೇ.

ಈಗ ಕಬಡ್ಡಿ. ಅಕ್ಕ ಭಾವನ ಜೊತೆ ಎರಡು ದಿನ ವಾದ ಮಾಡಿದಳು. ಬೆಳಗಿನ ಟ್ಯೂಷನ್ ಸಂಜೆಗೆ ಹೋಯಿತು, ವಾರಕ್ಕೆ ಮೂರೇ ದಿನ. ಉಳಿದ ಸಂಜೆ ಹುಡುಗ ಹಳೆಯ ಶಾಲೆಯ ಮೈದಾನಕ್ಕೆ, ಹಳೆಯ ಹುಡುಗರ ಜೊತೆ. ಅಲ್ಲಿ ಅವನು ಒಳ್ಳೆಯ ರೈಡರ್. ಇಂಗ್ಲಿಷ್ ಬರುತ್ತದೋ ಇಲ್ಲವೋ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಹೊಟ್ಟೆನೋವು ಒಂದೇ ಸಲ ಹೋಗಲಿಲ್ಲ, ಎರಡು ಸೋಮವಾರ ಮತ್ತೆ ಬಂತು. ಮೊದಲ ಟೆಸ್ಟಿನ ಅಂಕಗಳೂ ಅಷ್ಟಕ್ಕಷ್ಟೆ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು, ‘ಡಬ್ಬಿಗೆ ಇನ್ನೆರಡು ಚಪಾತಿ ಹಾಕಮ್ಮ’ ಅಂದನಂತೆ. ಯಾಕೋ ಅಂದರೆ, ‘ನನ್ ಬೆಂಚಿನವ್ನಿಗೆ ನಿನ್ನ ಶೇಂಗಾ ಚಟ್ನಿ ಅಂದ್ರೆ ಪ್ರಾಣ.’ ಅಕ್ಕ ಆವತ್ತೇ ಪೇಟೆಗೆ ಹೋಗಿ ದೊಡ್ಡ ಡಬ್ಬಿ ತಂದಳು.