ಹಳೇ ಡೆಸ್ಕ್‌ಟಾಪ್‌ಗೆ ಹೊಸ ಪ್ರೊಸೆಸರ್: ಗಿಗಾಹರ್ಟ್ಸ್ ಎಂಬ ಮೂಢನಂಬಿಕೆ

"ನನ್ನದು 3.3 ಗಿಗಾಹರ್ಟ್ಸ್, ನೀವು ಹೇಳ್ತಿರೋದು 3.2. ದುಡ್ಡು ಕೊಟ್ಟು ಹಿಂದಕ್ಕೆ ಹೋಗೋದಾ?" 2011ರ ಇಂಟೆಲ್ ಕೋರ್ ಐ3-2120 ಪ್ರೊಸೆಸರ್ ಇರುವ ಡೆಸ್ಕ್‌ಟಾಪ್‌ಗೆ ಐ5-3470 ಹಾಕಿಸಿ ಎಂದರೆ ಬರುವ ಮಾತು ಇದು. ರಾಹುಕಾಲ, ಗುಳಿಕಕಾಲ ನಂಬದವರೂ ಈ ಅಂಕಿಯನ್ನು ಕಣ್ಣುಮುಚ್ಚಿ ನಂಬುತ್ತಾರೆ.

ಚಿಪ್‌ನೊಳಗಿನ ಗಡಿಯಾರ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದಷ್ಟೇ ಗಿಗಾಹರ್ಟ್ಸ್. ಒಂದೊಂದು ಮಿಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಎಂಬುದು ಬೇರೆಯೇ ಲೆಕ್ಕ. ಈ ನಂಬಿಕೆಗೆ ನೀರೆರೆದದ್ದು ಸ್ವತಃ ಇಂಟೆಲ್. ಪೆಂಟಿಯಂ 4ರ ಕಾಲದಲ್ಲಿ ಅಂಕಿ ಏರಿಸುವುದೇ ಗುರಿಯಾಗಿ, 2004ರ ಪ್ರೆಸ್ಕಾಟ್ ಚಿಪ್‌ನಲ್ಲಿ ಒಂದು ಆದೇಶ 31 ಹಂತ ದಾಟಬೇಕಾಯಿತು. ಮನೆಗೆ ಮೋಲ್ಡ್ ಹಾಕುವಾಗ ಕೈಯಿಂದ ಕೈಗೆ ಕಾಂಕ್ರೀಟ್ ಬಾಂಡ್ಲಿ ದಾಟಿಸುತ್ತಾರಲ್ಲ, ಆ ಸಾಲಿನಲ್ಲಿ ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಕೈ ಬೇಗ ಆಡುತ್ತದೆ. ಆದರೆ ಕಲಸಿದ ಮಾಲೇ ತಪ್ಪಾಗಿದ್ದರೆ ಸಾಲಿನಲ್ಲಿರುವ ಅಷ್ಟೂ ಬಾಂಡ್ಲಿ ಸುರಿಯಬೇಕು. ಪ್ರೋಗ್ರಾಮಿನಲ್ಲಿ ಕವಲು ಬಂದಾಗಲೆಲ್ಲ ಚಿಪ್ ಮುಂದಿನ ದಾರಿಯನ್ನು ಊಹಿಸಿ ಸಾಲು ತುಂಬಿಸಿಕೊಳ್ಳುತ್ತದೆ. ಊಹೆ ತಪ್ಪಿತೋ, ಸಾಲಿನಲ್ಲಿದ್ದದ್ದೆಲ್ಲ ದಂಡ.

3.8ಕ್ಕೆ ಬರುವಷ್ಟರಲ್ಲಿ 115 ವಾಟ್ ಬಿಸಿ. 4 ಗಿಗಾಹರ್ಟ್ಸ್ ಮಾದರಿಯನ್ನು ಕೈಬಿಡಬೇಕಾಗಿ ಬಂದು, 2004ರ ಅಕ್ಟೋಬರ್‌ನಲ್ಲಿ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ವೇದಿಕೆಯ ಮೇಲೆ ಮಂಡಿಯೂರಿ ಕ್ಷಮೆ ಕೇಳಿದರು. (ಅರ್ಧ ತಮಾಷೆಗೆ ಇರಬಹುದು, ಚಿಪ್ ಮಾತ್ರ ಬರಲೇ ಇಲ್ಲ.) 2006ರಲ್ಲಿ ಬಂದ ಕೋರ್ 2 ಡ್ಯುಯೊ ಇ6600ರ ಗಡಿಯಾರ ಬರೀ 2.4, ಸಾಲು 14 ಹಂತದ್ದು, ಬಿಸಿ 65 ವಾಟ್. 3.8ರ ಪೆಂಟಿಯಂ ಅದರ ಮುಂದೆ ಸೋತಿತು.

ಬಿಸಿಯ ಗುಟ್ಟು ಇಲ್ಲಿದೆ. ಚಿಪ್ ತಿನ್ನುವ ವಿದ್ಯುತ್ತು ಗಡಿಯಾರದ ವೇಗದ ಜೊತೆಗೂ ವೋಲ್ಟೇಜಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ್ದರ) ಜೊತೆಗೂ ಏರುತ್ತದೆ; ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಎರಡನ್ನೂ ಶೇ. 10ರಷ್ಟು ಏರಿಸಿದರೆ 1.1ರ ಘನ, ಅಂದರೆ ವಿದ್ಯುತ್ತು ಶೇ. 33 ಜಾಸ್ತಿ! ಇದನ್ನೇ ತಿರುವಿ ನೋಡಿ: ಎರಡನ್ನೂ ಶೇ. 20 ಇಳಿಸಿದರೆ 0.8ರ ಘನ, ಸುಮಾರು ಅರ್ಧ. ಒಂದು ಕೋರ್ (ಚಿಪ್‌ನೊಳಗೆ ನಿಜವಾಗಿ ಲೆಕ್ಕ ಮಾಡುವ ಘಟಕ) ತಿನ್ನುತ್ತಿದ್ದುದರಲ್ಲೇ ಎರಡು ಕೋರ್ ಸಾಕಬಹುದು, ಕೆಲಸ 1.6 ಪಟ್ಟು. ಡ್ಯುಯಲ್ ಕೋರ್, ಕ್ವಾಡ್ ಕೋರ್‌ಗಳೆಲ್ಲ ಹುಟ್ಟಿದ್ದು ಈ ಗಣಿತದಿಂದ. ಕೆಲಸವನ್ನು ಹಂಚಲು ಬರಬೇಕು, ಅಷ್ಟೆ. ಅರ್ಧ ಕೆಲಸ ಹಂಚಲಾಗದ್ದಾದರೆ ಸಾವಿರ ಕೋರ್ ಕೊಟ್ಟರೂ ವೇಗ ದುಪ್ಪಟ್ಟು ದಾಟುವುದಿಲ್ಲ ಎಂದು ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಎಚ್ಚರಿಸಿದ್ದರು.

ಈಗ ಐ5ಗೆ ಬನ್ನಿ. ಒಂದೊಂದು ಕೋರ್ ಎರಡರಂತೆ ನಟಿಸುವುದರಿಂದ ಟಾಸ್ಕ್ ಮ್ಯಾನೇಜರ್ ನಾಲ್ಕು ತೋರಿಸಿದರೂ ನಿಮ್ಮ ಐ3ಯಲ್ಲಿರುವುದು ಎರಡೇ ಕೋರ್. 3470ರಲ್ಲಿ ನಿಜಕ್ಕೂ ನಾಲ್ಕು. ಒಂಟಿ ಕೆಲಸ ಬಂದರೆ ಅದು ತಾನಾಗಿ 3.6ಕ್ಕೂ ಏರುತ್ತದೆ. ವಿಡಿಯೊ ಎಡಿಟಿಂಗ್ ಇದ್ದರೆ ಐ7-3770 ನೋಡಿ. ಹೆಸರಿನ ಕೊನೆಯ 'ಕೆ' ಅಕ್ಷರಕ್ಕೆ ಹೆಚ್ಚು ದುಡ್ಡು ಕೊಡಬೇಡಿ, ಈ ಕಾಲದ ಅಗ್ಗದ ಎಚ್61 ಮದರ್‌ಬೋರ್ಡಿನಲ್ಲಿ ಅದರಿಂದ ಓವರ್‌ಕ್ಲಾಕ್ (ನಿಗದಿತ ವೇಗ ಮೀರಿ ಓಡಿಸುವುದು) ಮಾಡಲಾಗದು.

ಸಾಕೆಟ್‌ಗೆ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗಕ್ಕೆ) ಕೂತಿತೆಂದು ನಡೆಯುತ್ತದೆ ಎನ್ನುವಂತಿಲ್ಲ. ಹಳೆಯ ಎಚ್61 ಬೋರ್ಡುಗಳಿಗೆ 3000 ಸರಣಿಯ ಚಿಪ್ ಗುರುತಿಸಲು ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಬೇಕು. ಅದನ್ನು ಹಳೇ ಚಿಪ್ ಇರುವಾಗಲೇ ಮಾಡಿಕೊಳ್ಳಿ.

ಇನ್ನೂ ಹಾರ್ಡ್‌ಡಿಸ್ಕ್‌ನಲ್ಲೇ ವಿಂಡೋಸ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ತುಣುಕು ಹುಡುಕಲು ಸುಮಾರು 12 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ 3 ಗಿಗಾಹರ್ಟ್ಸ್ ಗಡಿಯಾರ 3.6 ಕೋಟಿ ಸಲ ಮಿಡಿದಿರುತ್ತದೆ, ಬಹುಪಾಲು ಸುಮ್ಮನೆ ಕಾಯುತ್ತಾ.

ಇನ್ನು ವಿಂಡೋಸ್ 11. ಅದರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್ ಕೋರ್ ಚಿಪ್‌ಗಳು ಬಹುತೇಕ ಎಂಟನೇ ಪೀಳಿಗೆಯಿಂದ ಶುರು. ಈ ಸಾಕೆಟ್‌ನ ಯಾವ ಚಿಪ್ಪೂ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಹಾಕಿಕೊಳ್ಳುವವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಐ5 ಧಾರಾಳ ಸಾಕು; ವಿಂಡೋಸೇ ಬೇಕೆನ್ನುವವರು ಆ ದುಡ್ಡನ್ನು ಹೊಸ ಬೋರ್ಡಿಗೆ ಕೂಡಿಡಲಿ. ಹಾಕಿಸುವುದೇ ಆದರೆ ಹಳೆಯ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಒರೆಸಿ ಹೊಸದು ಹಚ್ಚಿಸಿ: ಐ3 65 ವಾಟಿನದು, ಐ5 77 ವಾಟಿನದು.